ಸ್ಕೇಲ್ ಬಾಯಿಪಾಠ ಇದೆ, ಆದರೂ ಸೋಲೋ ಹಾಡಿನಂತೆ ಯಾಕೆ ಕೇಳುವುದಿಲ್ಲ?

ಪ್ರಶ್ನೆ: ಗಿಟಾರಿನಲ್ಲಿ ಎ ಮೈನರ್ ಪೆಂಟಟಾನಿಕ್ ಅನ್ನುವ ಐದು ಸ್ವರಗಳ ಸ್ಕೇಲನ್ನು 5ನೇ ಫ್ರೆಟ್ಟಿನಲ್ಲಿ (ಕುತ್ತಿಗೆಯ ಮೇಲಿನ ಮನೆ) ಕಣ್ಮುಚ್ಚಿ ನುಡಿಸುತ್ತೇನೆ. ಆದರೆ ಬ್ಯಾಕಿಂಗ್ ಟ್ರ್ಯಾಕ್ (ಹಿನ್ನೆಲೆ ಸಂಗೀತದ ರೆಕಾರ್ಡಿಂಗ್) ಹಾಕಿಕೊಂಡು ಸೋಲೋ ಶುರು ಮಾಡಿದರೆ ಪ್ರಾಕ್ಟೀಸ್ ಮಾಡಿದ ಹಾಗೇ ಕೇಳುತ್ತೆ. ತಪ್ಪು ಸ್ವರ ಒಂದೂ ಇಲ್ಲ. ಎಲ್ಲಿ ಎಡವುತ್ತಿದ್ದೇನೆ?

ನೀವು ಸ್ಕೇಲನ್ನು ಕೇಳಿಸಿಕೊಳ್ಳುತ್ತಿದ್ದೀರಿ, ಹಿಂದೆ ಬದಲಾಗುತ್ತಿರುವ ಕಾರ್ಡನ್ನು, ಅಂದರೆ ಒಟ್ಟಿಗೆ ನುಡಿಯುವ ಮೂರು ಸ್ವರಗಳ ಗುಂಪನ್ನು, ಕೇಳಿಸಿಕೊಳ್ಳುತ್ತಿಲ್ಲ. ಅಷ್ಟೇ ವಿಷಯ. ಯಾವ ಸ್ವರ ನುಡಿಸಬಹುದು ಅಂತ ಸ್ಕೇಲ್ ಹೇಳುತ್ತೆ, ಎಲ್ಲಿ ನಿಲ್ಲಬೇಕು ಅಂತ ಕಾರ್ಡ್ ಹೇಳುತ್ತೆ.

ಒಂದು ಸಣ್ಣ ಪರೀಕ್ಷೆ ಮಾಡಿ. ಎ ಮೈನರ್, ಎಫ್, ಸಿ, ಜಿ, ಈ ನಾಲ್ಕು ಕಾರ್ಡುಗಳಲ್ಲಿ ಒಂದೊಂದನ್ನೂ ನಾಲ್ಕು ಎಣಿಕೆಗೆ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವಸರ ಬೇಡ, ನಿಮಿಷಕ್ಕೆ 70 ಬೀಟ್ ಸಾಕು. ಈಗ ಅದನ್ನು ಹಾಕಿಕೊಂಡು, ತೆಳು ತಂತಿಯಿಂದ ಎಣಿಸಿ 3ನೇ ತಂತಿಯ 5ನೇ ಫ್ರೆಟ್ ಒತ್ತಿ. ಅದು ಸಿ ಸ್ವರ. ಪ್ರತಿ ಕಾರ್ಡ್ ಬಂದಾಗಲೂ ಅದೊಂದನ್ನೇ ಮೀಟಿ, ಉದ್ದಕ್ಕೆ ಬಿಡಿ. ಬೇರೇನೂ ನುಡಿಸಬೇಡಿ.

ಎ ಮೈನರ್ ಮೇಲೆ ಸ್ವಲ್ಪ ದುಃಖ ಇರುತ್ತೆ. ಎಫ್ ಬಂದಾಗ ಅದೇ ಸ್ವರ ಅಗಲವಾಗುತ್ತೆ. ಸಿ ಬಂದಾಗ ಮನೆಗೆ ಬಂದು ಕೂತ ಹಾಗೆ. ಜಿ ಬಂದ ಕೂಡಲೇ ಮಾತ್ರ ಏನೋ ಎಳೀತಾ ಇದೆ ಅನ್ನಿಸುತ್ತೆ, ಇಲ್ಲಿಂದ ಎಲ್ಲಿಗೋ ಹೋಗಬೇಕು ಅಂತ. ಆಗ ಬೆರಳನ್ನು ಒಂದೇ ಒಂದು ಫ್ರೆಟ್ ಹಿಂದಕ್ಕೆ, 4ಕ್ಕೆ ತನ್ನಿ. ಬಿ ಸ್ವರ ಬಂತು, ಎಳೆತ ಬಿಟ್ಟಿತು. ಕೇಳಿಸಿತಲ್ವಾ?

ಸ್ವಲ್ಪ ಕರ್ನಾಟಕ ಸಂಗೀತ ಗೊತ್ತಿದ್ದರೆ ಇದು ಥಟ್ಟನೆ ಹೊಳೆಯುತ್ತೆ. ನಮ್ಮ ರಾಗದಲ್ಲಿ ತಂಬೂರಿಯ ಸ ಅಲುಗಾಡುವುದಿಲ್ಲ, ಎಲ್ಲ ಸ್ವರವನ್ನೂ ಅದರಿಂದಲೇ ಅಳೆಯುತ್ತೇವೆ. ಕಾರ್ಡ್ ಇರುವ ಸಂಗೀತದಲ್ಲಿ ಕಾಲ ಕೆಳಗಿನ ನೆಲವೇ ಸರಿಯುತ್ತಾ ಇರುತ್ತೆ. ಒಂದೊಂದು ಕಾರ್ಡಿನ ರೂಟನ್ನೂ (ಕಾರ್ಡಿಗೆ ಹೆಸರು ಕೊಡುವ ಬೇರು ಸ್ವರ) ಆ ಹೊತ್ತಿನ ಸ ಅಂದುಕೊಂಡರೆ, ನೀವು ಹಿಡಿದ ಅದೇ ಸಿ ಸ್ವರ ಎ ಮೈನರಿಗೆ ಸಾಧಾರಣ ಗಾಂಧಾರ, ಎಫ್‌ಗೆ ಪಂಚಮ, ಸಿಗೆ ಷಡ್ಜ. ಜಿಗೆ ಅದು ಶುದ್ಧ ಮಧ್ಯಮ, ಪಕ್ಕದಲ್ಲೇ ಇರುವ ಅಂತರ ಗಾಂಧಾರಕ್ಕೆ ಇಳಿಯಲು ಕಾಯುತ್ತಿರುತ್ತೆ. ಬೆರಳು ಇದ್ದಲ್ಲೇ ಇದೆ, ಸ್ವರದ ಅರ್ಥ ಬದಲಾಗಿದೆ. ನನಗೆ ಇಡೀ ಥಿಯರಿಯಲ್ಲಿ ಇದಕ್ಕಿಂತ ಚಂದದ ವಿಷಯ ಇನ್ನೊಂದು ಸಿಕ್ಕಿಲ್ಲ.

ಈಗ ನಿಮ್ಮ ಪೆಂಟಟಾನಿಕ್‌ಗೆ ಬರೋಣ. ಅದರಲ್ಲಿರುವುದು ಎ, ಸಿ, ಡಿ, ಇ, ಜಿ, ಅಂದರೆ ಶುದ್ಧ ಧನ್ಯಾಸಿ ರಾಗದ ಐದು ಸ್ವರಗಳು. ಇಲ್ಲದಿರುವುದು ಬಿ ಮತ್ತು ಎಫ್. ಎಫ್ ಕಾರ್ಡಿಗೆ ಎಫ್ ಬೇರು. ಜಿ ಕಾರ್ಡನ್ನು ಮೇಜರ್ ಮಾಡುವುದೇ ಬಿ. ಹಾಗಾಗಿ ಸುಮ್ನೆ ಪೆಂಟಟಾನಿಕ್‌ನಲ್ಲೇ ಓಡಾಡಿದರೆ ಎಲ್ಲೂ ತಪ್ಪಾಗುವುದಿಲ್ಲ, ಆದರೆ ಕಾರ್ಡ್ ಬದಲಾಯಿತು ಅಂತ ಎತ್ತಿ ತೋರಿಸುವ ಆ ಎರಡು ಸ್ವರಗಳೇ ನಿಮ್ಮ ಕೈಗೆ ಸಿಗುವುದಿಲ್ಲ. ಅವನ್ನು ಸೇರಿಸಿಕೊಂಡರೆ ಪೂರ್ತಿ ಎ ನ್ಯಾಚುರಲ್ ಮೈನರ್ ಆಗುತ್ತೆ, ನಮ್ಮ ನಟಭೈರವಿಯ ಏಳು ಸ್ವರ.

ಎಫ್ ಎಲ್ಲೋ ದೂರದಲ್ಲಿಲ್ಲ. 2ನೇ ತಂತಿಯ 5ನೇ ಫ್ರೆಟ್ಟಿನಲ್ಲಿ ನೀವು ದಿನಾ ನುಡಿಸುವ ಇ ಇದೆಯಲ್ಲ, ಅದರ ಪಕ್ಕದ 6ನೇ ಫ್ರೆಟ್ಟೇ ಎಫ್. ಎ ಮೈನರಿನ ಕೊನೆಯ ಎಣಿಕೆಯಲ್ಲಿ ಇ ಮೀಟಿ, ಎಫ್ ಕಾರ್ಡ್ ಬೀಳುವ ಹೊತ್ತಿಗೆ ಸರಿಯಾಗಿ 6ಕ್ಕೆ ಜಾರಿ. ಸಿ ಕಾರ್ಡ್ ಬಂದಾಗ ಮತ್ತೆ 5ಕ್ಕೆ. ಮೂರೇ ಸ್ವರ, ಆದರೆ ಕೇಳುವವರಿಗೆ ಕಾರ್ಡ್ ನುಡಿಸುವವರು ಇಲ್ಲದಿದ್ದರೂ ಕಾರ್ಡ್ ಕೇಳಿಸುತ್ತೆ. 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅವರ ಸೋಲೋಗಳನ್ನು ಕೇಳಿ ನೋಡಿ, ಕಾರ್ಡಿನ ಆಕಾರಗಳಿಂದಲೇ ಸಾಲುಗಳು ಹುಟ್ಟುವುದು ಅಲ್ಲಿ ಚೆನ್ನಾಗಿ ಗೊತ್ತಾಗುತ್ತೆ.

ಒಂದು ಎಚ್ಚರಿಕೆ. ಇದನ್ನು ಕಲಿತ ಹೊಸದರಲ್ಲಿ ಎಲ್ಲರೂ ಪ್ರತಿ ಕಾರ್ಡಿನ ಮೂರೂ ಸ್ವರಗಳನ್ನು ಮೇಲಿಂದ ಕೆಳಗೆ ಓಡಿಸಲು ಶುರು ಮಾಡುತ್ತಾರೆ. ಆಗ ಸ್ಕೇಲ್ ಪ್ರಾಕ್ಟೀಸ್ ಹೋಗಿ ಆರ್ಪೆಜಿಯೋ ಪ್ರಾಕ್ಟೀಸ್ ಆಗುತ್ತೆ. ಕಾರ್ಡಿನ ಸ್ವರ ಬೇಕಾಗಿರುವುದು ಮುಖ್ಯವಾಗಿ ಎರಡು ಕಡೆ: ಕಾರ್ಡ್ ಬದಲಾಗುವ ಮೊದಲ ಬೀಟಿನಲ್ಲಿ, ಮತ್ತೆ ನೀವು ಉದ್ದಕ್ಕೆ ಹಿಡಿಯುವ ಕಡೆ. ನಡುವೆ ಸ್ಕೇಲಿನ ಯಾವ ಸ್ವರದ ಮೇಲಾದರೂ ನಡೆದುಕೊಂಡು ಹೋಗಿ, ಜಾಗ ಬಿಡಿ, ಉಸಿರು ತೆಗೆದುಕೊಳ್ಳಿ.

ಬೇರೆ ಹಾಡು ಎತ್ತಿಕೊಂಡಾಗಲೂ ಇದೇ ದಾರಿ. ಗಿಟಾರ್ ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ಕಾರ್ಡುಗಳನ್ನು ಬರೆದು, ಒಂದೊಂದರ ಕೆಳಗೂ ಅದರ ಮೂರು ಸ್ವರ ಬರೆಯಿರಿ. ಪಕ್ಕದ ಕಾರ್ಡಿಗೆ ಹೋಗುವಾಗ ಒಂದೇ ಫ್ರೆಟ್ ಸರಿಯುವ ಸ್ವರ ಯಾವುದು ಅಂತ ಹುಡುಕಿ ಗೆರೆ ಎಳೆಯಿರಿ. ಆ ಗೆರೆಯನ್ನೇ ಮೊದಲು ಬಾಯಲ್ಲಿ ಹಾಡಿ, ಆಮೇಲೆ ತಂತಿ ಮೇಲೆ ಹುಡುಕಿ.