ಒಂದು ಕಪ್ ಮೈದಾ ಎಂದರೆ ಎಷ್ಟು ಗ್ರಾಂ?

ಒಂದು ಕಪ್ ನೀರಿನ ತೂಕ ಹೇಳುವುದು ಸುಲಭ. ಕಪ್ 240 ಮಿಲಿ ಇದ್ದರೆ ನೀರು ಸುಮಾರು 240 ಗ್ರಾಂ. ಮೈದಾ ವಿಷಯಕ್ಕೆ ಬಂದರೆ ಒಂದು ಪಟ್ಟಿಯಲ್ಲಿ 120 ಗ್ರಾಂ, ಇನ್ನೊಂದರಲ್ಲಿ 125, ಮತ್ತೊಂದರಲ್ಲಿ 140. ಯಾವುದನ್ನು ನಂಬುವುದು ಅಂತ ಗೊಂದಲ ಆಗುತ್ತೆ ಅಲ್ವಾ? ಇವುಗಳಲ್ಲಿ ಯಾವುದೂ ತಪ್ಪಲ್ಲ. ಕಪ್ ತುಂಬಿದ ರೀತಿ ಬೇರೆ ಬೇರೆ, ಅಷ್ಟೇ.

ಇದಕ್ಕೆ ಕಾರಣ ಗಾಳಿ. ಹಿಟ್ಟಿನ ಒಂದೊಂದು ಕಣವೂ ನೀರಿಗಿಂತ ಭಾರ. ಆದರೂ ಒಂದು ಕಪ್ ಹಿಟ್ಟು ಒಂದು ಕಪ್ ನೀರಿನ ಅರ್ಧದಷ್ಟೇ ತೂಗುತ್ತದೆ. ಅಂದರೆ ಕಪ್ಪಿನ ಅರ್ಧಕ್ಕಿಂತ ಜಾಸ್ತಿ ಜಾಗದಲ್ಲಿ ಇರುವುದು ಬರೀ ಗಾಳಿ. ಇದನ್ನು ಕಣ್ಣಾರೆ ನೋಡಬಹುದು. ಹಿಟ್ಟನ್ನು ಚೆನ್ನಾಗಿ ಕೆದಕಿ, ಚಮಚೆಯಿಂದ ಕಪ್ಪಿಗೆ ಉದುರಿಸಿ, ಚಾಕುವಿನ ಬೆನ್ನಿನಿಂದ ಮೇಲ್ಭಾಗ ಸವರಿ ಮಟ್ಟ ಮಾಡಿ. ಈಗ ಕಪ್ಪನ್ನು ಕಟ್ಟೆಯ ಮೇಲೆ ಹತ್ತು ಸಲ ಮೆಲ್ಲಗೆ ಕುಟ್ಟಿ. ಅಂಚಿನವರೆಗೆ ಇದ್ದ ಹಿಟ್ಟು ಕೆಳಗೆ ಇಳಿದಿರುತ್ತದೆ. ತೂಕ ಒಂದು ಗ್ರಾಂ ಕೂಡ ಬದಲಾಗಿಲ್ಲ. ಖಾಲಿಯಾದ ಆ ಜಾಗಕ್ಕೆ ಮತ್ತೆ ಹಿಟ್ಟು ಸುರಿದರೆ ಮಾತ್ರ ಕಪ್ ಭಾರವಾಗುತ್ತದೆ. ಸಕ್ಕರೆಗೆ ಈ ತೊಂದರೆ ಕಡಿಮೆ. ಅದರ ಹರಳು ಅಷ್ಟಾಗಿ ಒತ್ತಿಕೊಳ್ಳುವುದಿಲ್ಲ, ಹಾಗಾಗಿ ಕಪ್ಪಿಗೆ 200 ಗ್ರಾಂ ಎಂದು ಧೈರ್ಯವಾಗಿ ಇಟ್ಟುಕೊಳ್ಳಬಹುದು.

ಚಮಚೆಯಿಂದ ತುಂಬಿ ಸವರಿದ ಮೈದಾ 120ರಿಂದ 125 ಗ್ರಾಂ. ಕಪ್ಪನ್ನೇ ಡಬ್ಬಿಯೊಳಗೆ ಅದ್ದಿ ತೆಗೆದರೆ 140, ಕೆಲವೊಮ್ಮೆ 150. ಜರಡಿ ಹಿಡಿದದ್ದು ಇನ್ನೂ ಹಗುರ.

ಇಷ್ಟು ಸಣ್ಣ ವ್ಯತ್ಯಾಸದಿಂದ ಏನಾಗುತ್ತೆ ಅಂತ ಅನ್ನಿಸಬಹುದು. ಬ್ರೆಡ್ಡಿಗೆ 3 ಕಪ್ ಮೈದಾ, 240 ಗ್ರಾಂ ನೀರು ಎಂದಿಟ್ಟುಕೊಳ್ಳಿ. ಕಪ್ಪಿಗೆ 120ರಂತೆ ಹಿಟ್ಟು 360 ಗ್ರಾಂ, ನೀರು ಹಿಟ್ಟಿನ ಶೇ. 67. ಕಪ್ಪಿಗೆ 150ರಂತೆ ಹಿಟ್ಟು 450 ಗ್ರಾಂ, ನೀರು ಶೇ. 53 ಮಾತ್ರ. ಮೊದಲನೆಯದು ಕೈಗೆ ಅಂಟುವ ಮೆತ್ತನೆಯ ಕಣಕ. ಎರಡನೆಯದು ನಾದಲು ಕಷ್ಟವಾಗುವಷ್ಟು ಗಟ್ಟಿ. ರೆಸಿಪಿ ಒಂದೇ, ಕಪ್ ಒಂದೇ. ಕೇಕ್ ಒಣಗಿದಂತೆ ಬಂದರೆ ಓವನ್ನನ್ನು ದೂರುವ ಮೊದಲು ಹಿಟ್ಟು ಹೇಗೆ ಅಳೆದಿರಿ ಎಂದು ಯೋಚಿಸಿ.

ಆದ್ದರಿಂದ ಗ್ರಾಂಗೆ ಬದಲಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ರೆಸಿಪಿ ಬರೆದವರು ಕಪ್ ಹೇಗೆ ತುಂಬಿದ್ದರು? ಅವರ ಬೇರೆ ರೆಸಿಪಿಯಲ್ಲಿ ಗ್ರಾಂ ಕೊಟ್ಟಿದ್ದರೆ ಅದನ್ನೇ ಹಿಡಿದುಕೊಳ್ಳಿ. ಪದಗಳ ಜೋಡಣೆಯನ್ನೂ ಗಮನಿಸಿ. ‘ಜರಡಿ ಹಿಡಿದ ಮೈದಾ 1 ಕಪ್’ ಎಂದರೆ ಮೊದಲು ಜರಡಿ, ಆಮೇಲೆ ಅಳತೆ. ‘ಮೈದಾ 1 ಕಪ್, ಜರಡಿ ಹಿಡಿದು’ ಎಂದರೆ ಅಳೆದ ಮೇಲೆ ಜರಡಿ. ಎರಡರ ತೂಕ ಬೇರೆ. ಕಪ್ಪಿನ ಗಾತ್ರವನ್ನೂ ನೋಡಬೇಕು. ಅಮೆರಿಕದ ಕಪ್ ಸುಮಾರು 237 ಮಿಲಿ, ಆಸ್ಟ್ರೇಲಿಯದ್ದು 250. ಆಸ್ಟ್ರೇಲಿಯದ ದೊಡ್ಡ ಚಮಚೆ 20 ಮಿಲಿ, ಅಮೆರಿಕದ್ದು 15.

ಯಾವ ಸುಳಿವೂ ಸಿಗದಿದ್ದರೆ ನಾನು 120ರಿಂದ ಶುರು ಮಾಡುತ್ತೇನೆ. ಕಡಿಮೆಯಾದರೆ ಹಿಟ್ಟು ಸೇರಿಸಬಹುದು, ಬಿದ್ದ ಹಿಟ್ಟನ್ನು ಹೊರತೆಗೆಯಲು ಆಗುವುದಿಲ್ಲ. ಹದ ಸರಿ ಬಂದ ದಿನ ಒಟ್ಟು ಎಷ್ಟು ಗ್ರಾಂ ಹಿಡಿಯಿತು ಎಂದು ರೆಸಿಪಿಯ ಪಕ್ಕದಲ್ಲೇ ಬರೆದಿಡಿ. ಮುಂದಿನ ಸಲ ಕಪ್ಪೇ ಬೇಡ. ಪಾತ್ರೆಯನ್ನು ತಕ್ಕಡಿ ಮೇಲಿಟ್ಟು, ಸೊನ್ನೆ ಮಾಡಿ, ನೇರ ಸುರಿಯಿರಿ.

ಉಪ್ಪು, ಯೀಸ್ಟ್ ಮಾತ್ರ ಚಮಚೆಯಲ್ಲೇ ಇರಲಿ. ಒಂದೊಂದು ಗ್ರಾಂ ಎಣಿಸುವ ಅಡುಗೆಮನೆ ತಕ್ಕಡಿಗೆ 2-3 ಗ್ರಾಂ ಸರಿಯಾಗಿ ತೋರಿಸಲು ಆಗುವುದಿಲ್ಲ.