ಗ್ರೆಲಿನ್ ಅಂದರೆ ಕೊಬ್ಬಲ್ಲ ಸ್ವಾಮಿ

ಲಾಲ್‌ಬಾಗ್ ಗೇಟಿನ ಹೊರಗೆ ವಾಕಿಂಗ್ ಮುಗಿಸಿ ಬರುವವರಿಗೆಂದೇ ಹಸಿರು ಜ್ಯೂಸ್ ಮಾರುತ್ತಾರೆ. ಮೊನ್ನೆ ಅಲ್ಲೊಂದು ಬೋರ್ಡು ಕಂಡಿತು: ‘ಗ್ರೆಲಿನ್ ಕರಗಿಸುವ ಜ್ಯೂಸ್’. ಹಿಂದಿನ ವಾರವಷ್ಟೇ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ‘ನನಗೆ ಗ್ರೆಲಿನ್ ಇದೆ, ಅದಕ್ಕೇ ದಪ್ಪ’ ಅಂತ ಬರೆದಿದ್ದರು. ಇಲ್ಲದವರು ಯಾರು?

ಗ್ರೆಲಿನ್ ಕೊಬ್ಬಲ್ಲ, ಕಾಯಿಲೆಯಲ್ಲ, ಜೀರ್ಣರಸವೂ ಅಲ್ಲ. ಜಠರದ ಗೋಡೆಯಲ್ಲಿ ಹುಟ್ಟಿ, ರಕ್ತಕ್ಕೆ ಸೇರಿ, ಮಿದುಳಿಗೆ ‘ಊಟದ ಹೊತ್ತಾಯ್ತು’ ಅಂತ ಹೇಳಿಕಳಿಸುವ ಹಾರ್ಮೋನ್. ದಪ್ಪಗಿರುವವರ ರಕ್ತದಲ್ಲಿ ಅದು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಡಯಟ್ ಮಾಡಿ ತೂಕ ಇಳಿಸಿದರೆ ಏರುತ್ತದೆ. ಬೋರ್ಡು ಬರೆದವರು ಇದನ್ನೂ ಸ್ವಲ್ಪ ಓದಿಕೊಳ್ಳಬಹುದಿತ್ತು.

ಹೆಸರಿನ ಕಥೆ ಇನ್ನೂ ಚೆನ್ನಾಗಿದೆ. ಹೊಟ್ಟೆ ಗುರುಗುಟ್ಟುವ ಸದ್ದಿನಿಂದ ಈ ಹೆಸರು ಬಂತು ಅಂತ ಕೆಲವರು ಧೈರ್ಯವಾಗಿ ವಿವರಿಸುತ್ತಾರೆ. ಸುಳ್ಳು. ಖಾಲಿ ಹೊಟ್ಟೆಯ ಗುರುಗುರುವಿನ ಹಿಂದೆ ಇರುವುದು ಮುಖ್ಯವಾಗಿ ಮೋಟಿಲಿನ್ ಅನ್ನೋ ಬೇರೆ ಹಾರ್ಮೋನ್. 1999ರಲ್ಲಿ ಜಪಾನಿನ ವಿಜ್ಞಾನಿಗಳಾದ ಕೊಜಿಮಾ ಮತ್ತು ಕಂಗಾವಾ ಹುಡುಕುತ್ತಿದ್ದದ್ದು ಹಸಿವನ್ನಲ್ಲ, ಬೆಳವಣಿಗೆಯ ಹಾರ್ಮೋನನ್ನು ಹೊರಡಿಸುವ ವಸ್ತುವನ್ನು. ಅದು ಸಿಕ್ಕಿದ್ದು ಇಲಿಯ ಜಠರದಲ್ಲಿ. ಹಾಗಾಗಿ ಇಂಡೋ-ಯುರೋಪಿಯನ್ ಮೂಲಭಾಷೆಯಲ್ಲಿ ‘ಬೆಳೆ’ ಎಂಬ ಅರ್ಥವಿದ್ದ ‘ಘ್ರೆ’ ಧಾತು ಹಿಡಿದು ಹೆಸರಿಟ್ಟರು. ಹಸಿವಿನ ನಂಟು ತಿಳಿದಿದ್ದು ಆಮೇಲೆ. ಇಂಗ್ಲಿಷಿನ ಗ್ರೋ, ಗ್ರಾಸ್, ಗ್ರೀನ್ ಕೂಡ ಅದೇ ಧಾತುವಿನ ಮಕ್ಕಳು. ಗ್ರೀನ್ ಜ್ಯೂಸಿಗೂ ಗ್ರೆಲಿನ್‌ಗೂ ನನಗೆ ಕಂಡ ಸಂಬಂಧ ಇದೊಂದೇ.

ಗ್ರೆಲಿನ್‌ಗೆ ಗಡಿಯಾರದ ರೂಢಿಯೂ ಇದೆ. ದಿನಾ ಒಂದು ಗಂಟೆಗೆ ಡಬ್ಬಿ ಬಿಚ್ಚುವವರಿಗೆ ಆ ಹೊತ್ತಿಗೆ ಮುಂಚೆಯೇ ಏರುತ್ತದೆ. ಮೀಟಿಂಗ್ ಎಳೆದು ಊಟ ತಪ್ಪಿತು ಅನ್ನಿ, ಎರಡೂವರೆ ಹೊತ್ತಿಗೆ ಹಸಿವು ತಾನಾಗೇ ಸತ್ತಿರುತ್ತದೆ, ಅಲ್ವಾ? ತಿನ್ನದಿದ್ದರೂ ಅದು ಏರಿ ಇಳಿಯುತ್ತದೆ.

‘ಸಾಕು’ ಅನ್ನುವ ಹಾರ್ಮೋನುಗಳು ಬೇರೆ. ಸಣ್ಣ ಕರುಳಿನ ಮೇಲ್ಭಾಗದ ಸಿಸಿಕೆ, ಕೆಳಭಾಗದ ಜಿಎಲ್‌ಪಿ-1 ಮತ್ತು ಪಿವೈವೈ. ಇವಕ್ಕೆ ಸ್ವಲ್ಪ ಹೊತ್ತು ಬೇಕು. ದರ್ಶಿನಿಯಲ್ಲಿ ನಿಂತುಕೊಂಡೇ ಐದು ನಿಮಿಷದಲ್ಲಿ ಇಡ್ಲಿ ವಡೆ ಮುಗಿಸಿ, ‘ಹೊಟ್ಟೇನೇ ತುಂಬಲಿಲ್ಲ’ ಅಂತ ಮಸಾಲೆ ದೋಸೆಗೆ ಟೋಕನ್ ತಗೊಂಡರೆ ಅವೇನು ಮಾಡಬೇಕು? ಲೆಪ್ಟಿನ್ ಅನ್ನೋ ಹಾರ್ಮೋನನ್ನೂ ಸುಮ್ನೆ ಈ ಪಟ್ಟಿಗೆ ಸೇರಿಸುತ್ತಾರೆ. ಅದು ಬರುವುದು ಮುಖ್ಯವಾಗಿ ಕೊಬ್ಬಿನಿಂದ, ಕರುಳಿಂದಲ್ಲ.

ಈಗ ಎಲ್ಲರ ಬಾಯಲ್ಲೂ ‘ಗ್ರೆಲಿನ್ ಇಂಜೆಕ್ಷನ್’. ತೂಕ ಇಳಿಸೋಕೆ ಕೊಡುವ ಸೆಮಾಗ್ಲುಟೈಡ್ ನಕಲು ಮಾಡುವುದು ಜಿಎಲ್‌ಪಿ-1ನ್ನು. ಮೈಯಲ್ಲಿ ಹುಟ್ಟುವ ಜಿಎಲ್‌ಪಿ-1 ಒಂದೆರಡು ನಿಮಿಷದಲ್ಲಿ ಒಡೆದುಹೋಗುತ್ತದೆ. ಔಷಧಿ ವಾರದವರೆಗೂ ಕೆಲಸ ಮಾಡುತ್ತದೆ. ಇನ್ನು ನಿಜವಾದ ಗ್ರೆಲಿನನ್ನೇ ರಕ್ತಕ್ಕೆ ಹರಿಸಿ ನೋಡಿದ್ದೂ ಉಂಟು. ಹಾಗೆ ಮಾಡಿಸಿಕೊಂಡವರು ಊಟಕ್ಕೆ ಕೂತು ಜಾಸ್ತಿಯೇ ತಿಂದರು.