ಕೂಸಿಗೆ ಎಷ್ಟು ದಿನ?

ಶಿವಮೊಗ್ಗದಲ್ಲಿ ಮಕ್ಕಳ ವೈದ್ಯನಾಗಿ ಕೂತ ಮೊದಲ ಮಳೆಗಾಲ. ರಾತ್ರಿ ಹತ್ತು ದಾಟಿದ ಮೇಲೆ ಸಾಗರದ ಕಡೆಯ ತೋಟದ ಮನೆಯೊಂದರಿಂದ ಕರೆ ಬಂತು. ‘ಡಾಕ್ಟರೇ, ಕೂಸಿಗೆ ಜ್ವರ. ಬೆಳಗ್ಗೆ ಕರೆದುಕೊಂಡು ಬಂದರೆ ಆದೀತೇ?’ ನನ್ನ ಎದೆ ಹೊಡೆದುಕೊಂಡಿತು. ಈಗಲೇ ಹೊರಡಿ, ಕಾಯಬೇಡಿ ಎಂದೆ. ಹೆರಿಗೆಯಾಗಿ ಎಷ್ಟು ದಿನವಾಯಿತು ಎಂದೂ ಕೇಳಿದೆ. ಆ ಕಡೆಯವರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ‘ಕೂಸು ಎರಡನೇ ಕ್ಲಾಸು, ಡಾಕ್ಟರೇ.’

ನಾನು ಭದ್ರಾವತಿಯ ಕಡೆಯವನು. ನಮ್ಮಲ್ಲಿ ಕೂಸು ಎಂದರೆ ತೊಟ್ಟಿಲಲ್ಲಿ ಮಲಗಿರುವುದು. ಸಾಗರ, ಹೊಸನಗರದ ಹವ್ಯಕರ ಮನೆಗಳಲ್ಲಿ ಕೂಸು ಎಂದರೆ ಹುಡುಗಿ, ಮಾಣಿ ಎಂದರೆ ಹುಡುಗ. ಮದುವೆಗೆ ಬಂದವಳೂ ಅಲ್ಲಿ ಕೂಸೇ. ಇದರಲ್ಲಿ ವಿಚಿತ್ರವೇನೂ ಇಲ್ಲ. ಇಂಗ್ಲಿಷಿನ ‘ಗರ್ಲ್’ ಕೂಡ ಶತಮಾನಗಳ ಹಿಂದೆ ಗಂಡು ಹೆಣ್ಣೆನ್ನದೆ ಯಾವ ಮಗುವಿಗೂ ಸಲ್ಲುತ್ತಿದ್ದ ಪದ. ಆಮೇಲೆ ಹುಡುಗಿಯ ಪಾಲಾಯಿತು. ‘ಕಿಡ್’ ಎಂದರೆ ಮೂಲದಲ್ಲಿ ಆಡಿನ ಮರಿ. ಅಳುವ ಮಗುವನ್ನು ‘ಬಾ ಮರಿ’ ಎಂದು ಎತ್ತಿಕೊಳ್ಳುವ ನಮಗೆ ಅದನ್ನು ಯಾರೂ ವಿವರಿಸಬೇಕಿಲ್ಲ.

ಚಿಕಿತ್ಸೆಯ ಕೋಣೆಯಲ್ಲಿ ಮಾತ್ರ ಈ ಪದಗಳಿಗೆ ಬೇಲಿ ಹಾಕಲೇಬೇಕು. ‘ನಿಯೋನೇಟ್’ ಎಂದರೆ ಹುಟ್ಟಿದಂದಿನಿಂದ 28 ದಿನ ತುಂಬುವವರೆಗಿನ ಶಿಶು. ನಾವು ನವಜಾತ ಎನ್ನುತ್ತೇವೆ. ‘ನಿಯೋ’ ಮತ್ತು ‘ನವ’ ಒಂದೇ ಬೇರಿನವು, ‘ನೇಟ್’ ಮತ್ತು ‘ಜಾತ’ ಕೂಡ. ಈ ವಯಸ್ಸಿನಲ್ಲಿ ಬರುವ ಜ್ವರವನ್ನು ಮನೆಯಲ್ಲಿಟ್ಟು ನೋಡುವಂತಿಲ್ಲ. ರಕ್ತದ ಸೋಂಕಿದ್ದರೂ ಹಾಲು ಬಿಡುವುದು, ಮಂಕಾಗುವುದು, ಮೈ ತಣ್ಣಗಾಗುವುದು ಬಿಟ್ಟರೆ ಬೇರೆ ಸೂಚನೆ ಸಿಗದೆ ಹೋಗಬಹುದು. ಮೂರು ತಿಂಗಳು ತುಂಬದ ಯಾವ ಮಗುವಿಗೆ ಜ್ವರ ಬಂದರೂ ಅದೇ ದಿನ ವೈದ್ಯರು ನೋಡಬೇಕು. ಹಾಗಾಗಿ ಈಗ ನಾನು ಫೋನಿನಲ್ಲಿ ‘ಪುಣ್ಯಾಹವಾಗಿ ಎಷ್ಟು ದಿನ?’ ಎಂದೋ ‘ತೊಟ್ಟಿಲಿಗೆ ಹಾಕಿದ್ದು ಯಾವಾಗ?’ ಎಂದೋ ಕೇಳುತ್ತೇನೆ. ತಾರೀಖು ಮರೆತವರಿಗೂ ಅದು ನೆನಪಿರುತ್ತದೆ.

‘ಇನ್‌ಫಂಟ್’ ಎಂದರೆ ಲ್ಯಾಟಿನ್ನಿನಲ್ಲಿ ಮಾತು ಬಾರದವನು. ನಮ್ಮ ಲೆಕ್ಕದಲ್ಲಿ ಒಂದು ವರ್ಷದೊಳಗಿನ ಮಗು. ಅಲ್ಲಿಂದ ಮೂರು ವರ್ಷದವರೆಗೆ ‘ಟಾಡ್ಲರ್’. ಒಬ್ಬ ಕಿರಿಯ ವೈದ್ಯ ಇದು ನಮ್ಮ ತೊದಲು ಮಾತಿಗೆ ಸಂಬಂಧಿಸಿದ್ದೆಂದು ಬಹಳ ದಿನ ನಂಬಿದ್ದ. ಕಿವಿಗೆ ಹಾಗೆ ಕೇಳುವುದೂ ನಿಜ. ಆದರೆ ಆ ಇಂಗ್ಲಿಷ್ ಪದ ನೋಡುವುದು ಕಾಲನ್ನು: ಬೀಳುತ್ತಾ ಏಳುತ್ತಾ ತಪ್ಪುಹೆಜ್ಜೆ ಇಡುವ ಮಗು.

ಪದ ತಪ್ಪಿದರೆ ಏನಾಗುತ್ತದೆ ಎಂಬುದನ್ನು ತೋರಿಸಿದವರು ಹೊಸನಗರದ ಕಡೆಯ ಒಬ್ಬ ಅಜ್ಜಿ. ಬಟ್ಟೆ ಚೀಲದಿಂದ ಎರಡು ಬಾಟಲಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಒಂದು ಖಾಲಿಯಾದ ಪ್ಯಾರಸಿಟಮಾಲ್ ಸಿರಪ್, ಇನ್ನೊಂದು ಪುಟ್ಟ ಬಾಟಲಿ. ಮೇಲೆ ‘ಪೀಡಿಯಾಟ್ರಿಕ್ ಡ್ರಾಪ್ಸ್’ ಎಂಬ ಅಕ್ಷರ. ಮೊಮ್ಮಗನಿಗೆ ಹನ್ನೊಂದು ತಿಂಗಳು, ತೂಕ ಎಂಟು ಕಿಲೋ. ಸಿರಪ್ಪಿನಲ್ಲಿ 4 ಮಿ.ಲೀ. ಎಂದು ನಾನೇ ಬರೆದುಕೊಟ್ಟಿದ್ದೆ. ಅದು ಮುಗಿದಾಗ ಮಗ ಅಂಗಡಿಯಿಂದ ‘ಇನ್ನೂ ಚಿಕ್ಕ ಮಕ್ಕಳದ್ದು’ ತಂದ. ಚಿಕ್ಕವರ ಔಷಧ ಸೌಮ್ಯವೇ ಇರುತ್ತದಲ್ಲ ಎಂದುಕೊಂಡು ಅಜ್ಜಿ ಹಳೆಯ ಬಾಟಲಿಯ ಅಳತೆ ಮುಚ್ಚಳದಲ್ಲೇ 4 ಮಿ.ಲೀ. ಕುಡಿಸಿದರು, ಎರಡು ಸಲ.

ಸಾಮಾನ್ಯ ಸಿರಪ್ಪಿನ 5 ಮಿ.ಲೀ.ನಲ್ಲಿ 120 ಅಥವಾ 125 ಮಿ.ಗ್ರಾಂ. ಪ್ಯಾರಸಿಟಮಾಲ್ ಇರುತ್ತದೆ, ಡ್ರಾಪ್ಸಿನಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ. ಅಂದರೆ ಹನಿ ಔಷಧ ನಾಲ್ಕು ಪಟ್ಟು ಗಟ್ಟಿ. ಎಳೆಯ ಮಗು ನಾಲ್ಕು ಮಿ.ಲೀ. ಕುಡಿಯುವುದಿಲ್ಲ, ಉಗಿಯುತ್ತದೆ, ಅದಕ್ಕೇ ಅದೇ ಔಷಧವನ್ನು ಒಂದು ಮಿ.ಲೀ.ಗೆ ಇಳಿಸಿರುತ್ತಾರೆ. ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿ.ಗ್ರಾಂ. ಸಾಕು; ಆ ಮಗುವಿಗೆ ಪ್ರತಿ ಸಲ ಕಿಲೋಗೆ 50 ಮಿ.ಗ್ರಾಂ. ಹೋಗಿತ್ತು. ದಾಖಲಿಸಿಕೊಂಡು ಯಕೃತ್ತಿನ ಪರೀಕ್ಷೆ ಮಾಡಿಸಿದೆವು. ಮಗು ಚೆನ್ನಾಗಿತ್ತು. ಅಜ್ಜಿ ಮಾತ್ರ ರಾತ್ರಿಯಿಡೀ ಬೆಂಚಿನ ಮೇಲೆ ಕೂತೇ ಇದ್ದರು. ಅವರ ತಪ್ಪೇನು? ಲೇಬಲ್ಲಿನ ಮೇಲೆ ಕನ್ನಡದ ಒಂದಕ್ಷರವೂ ಇರಲಿಲ್ಲ. ‘ಪೀಡಿಯಾಟ್ರಿಕ್’ ಎಂಬ ಗ್ರೀಕ್ ಮೂಲದ ಪದ ಮಕ್ಕಳ ಚಿಕಿತ್ಸೆಗೆ ಸೇರಿದ್ದು ಎಂದಷ್ಟೇ ಹೇಳುತ್ತದೆ. ಗಟ್ಟಿಯೋ ತೆಳುವೋ ಎಂಬುದನ್ನು ಅದರಿಂದ ತಿಳಿಯುವಂತಿಲ್ಲ. ಅಂದಿನಿಂದ ನನ್ನ ಚೀಟಿಯಲ್ಲಿ ಮಿ.ಲೀ. ಪಕ್ಕ ಮಿ.ಗ್ರಾಂ. ಕೂಡ ಇರುತ್ತದೆ. ಬಾಟಲಿ ಬದಲಾದರೆ ಅದರ ಜೊತೆಗೆ ಬಂದ ಪಿಳ್ಳೆಯಲ್ಲೇ ಅಳೆಯಿರಿ, ಅದಕ್ಕೂ ಮೊದಲು ಒಂದು ಫೋನ್ ಮಾಡಿ.

ಇನ್ನು ದೊಡ್ಡ ಮಕ್ಕಳು. ಇಂಗ್ಲಿಷಿನ ‘ಟೀನೇಜರ್’ ಹುಟ್ಟಿದ್ದು ಅಂಕಿಯ ಬಾಲದಿಂದ, 13ರಿಂದ 19. ವಿಶ್ವ ಆರೋಗ್ಯ ಸಂಸ್ಥೆಯ ‘ಅಡಾಲಸೆಂಟ್’ 10ಕ್ಕೇ ಶುರುವಾಗುತ್ತದೆ. ನಮ್ಮ ‘ಹದಿ’ ಹದಿಮೂರಕ್ಕೆ ತೊಡಗಿ ಹದಿನೆಂಟಕ್ಕೆ ನಿಲ್ಲುತ್ತದೆ. ಆಮೇಲೆ ಬರುವುದು ಹತ್ತೊಂಬತ್ತು. 2012ರ ಪೋಕ್ಸೊ ಕಾಯ್ದೆಯೂ 2015ರ ಬಾಲನ್ಯಾಯ ಕಾಯ್ದೆಯೂ 18 ತುಂಬದವರನ್ನೇ ಮಗು ಎನ್ನುತ್ತವೆ. ನಾನೂ ಅಲ್ಲಿಗೇ ಗೆರೆ ಎಳೆದಿದ್ದೇನೆ. ಮೀಸೆ ಬಂದ ಮಾಣಿಯನ್ನು ಆನೆಯ ಚಿತ್ರದ ಕೆಳಗೆ ಕೂರಿಸಿಕೊಂಡು ಬರುವ ತೀರ್ಥಹಳ್ಳಿಯ ತಾಯಿಯೊಬ್ಬರಿಗೆ, ಇನ್ನು ದೊಡ್ಡವರ ವೈದ್ಯರಿಗೆ ತೋರಿಸಿ ಎಂದು ಎರಡು ಸಲ ಹೇಳಿಯಾಯಿತು. ಮೂರನೆಯ ಸಲವೂ ಅವರು ಇಲ್ಲಿಗೇ ಬಂದಿದ್ದರು.